ಆಕಾಶದಿಂದ ನೋಡುವವರಿಗೆ ನೆಲದಿಂದ ಒಂದು ಪತ್ರ

ಡ್ರೋನ್ ಹಾರಿಸಲು ಆದೇಶ ಕೊಡುವ ನಮ್ಮ ಎಲ್ಲ ಅಧಿಕಾರಿಗಳೇ,

ನೀವು ನಮ್ಮನ್ನು ನೋಡುತ್ತಿದ್ದೀರಿ. ಗಣೇಶನ ಮೆರವಣಿಗೆಯಲ್ಲಿ, ಹೊಸ ವರ್ಷದ ರಾತ್ರಿ ಎಂ.ಜಿ. ರಸ್ತೆಯಲ್ಲಿ, ಧರಣಿ ಕೂತಲ್ಲಿ, ಜಾತ್ರೆ ನೆರೆದಲ್ಲಿ ತಲೆಯ ಮೇಲೆ ಗುಂಯ್‌ಗುಡುವ ಆ ಯಂತ್ರ ನಮಗೀಗ ಹೊಸದಲ್ಲ. ಅದನ್ನು ಹಾರಿಸಲೇಬೇಡಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಭೂಕುಸಿತದ ಮಣ್ಣಿನಡಿ ಸಿಕ್ಕವರನ್ನು ಹುಡುಕಲು ಅದು ಬೇಕು. ತೋಟಕ್ಕೆ ನುಗ್ಗಿದ ಆನೆ ಹಿಂಡು ಎತ್ತ ಸಾಗಿದೆ ಎಂದು ತಿಳಿಯಲು ಬೇಕು. ಜನಸಂದಣಿ ಮಿತಿಮೀರುವ ಮೊದಲೇ ಎಚ್ಚರಿಸಲು ಬೇಕು. ನನ್ನ ಬೇಡಿಕೆ ಬೇರೆ. ನಮ್ಮನ್ನು ನೋಡುವವರು ಯಾರು, ಯಾರ ಅಪ್ಪಣೆಯಿಂದ ನೋಡುತ್ತಾರೆ, ನೋಡಿದ್ದನ್ನು ಏನು ಮಾಡುತ್ತಾರೆ ಎಂಬುದು ನಮಗೂ ಕಾಣಬೇಕು. ಹಾರಿದ ಪ್ರತಿಯೊಂದು ಡ್ರೋನಿಗೂ ಲೆಕ್ಕ ಇರಬೇಕು, ಆ ಲೆಕ್ಕ ಜನರ ಕೈಗೆ ಸಿಗಬೇಕು.

ಇದು ಆಗದ ಮಾತೆಂದು ಹೇಳಬೇಡಿ. ನಿಮ್ಮದೇ ಸರ್ಕಾರಗಳು ಇದನ್ನು ಹಳ್ಳಿಗಳಲ್ಲಿ ಮಾಡಿ ತೋರಿಸಿವೆ.

2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯನ್ನು ನೆನಪಿಸಿಕೊಳ್ಳಿ. ಗ್ರಾಮಠಾಣಾ ಜಾಗದ ಮನೆಗಳಿಗೆ ತಲೆತಲಾಂತರದಿಂದ ಸರಿಯಾದ ದಾಖಲೆ ಇರಲಿಲ್ಲ. ಡ್ರೋನಿನಿಂದ ಚಿತ್ರ ತೆಗೆದು ಪ್ರತಿ ಮನೆಗೂ ಆಸ್ತಿ ಪತ್ರ ಕೊಡುವುದು ಆ ಯೋಜನೆಯ ಉದ್ದೇಶ. ಮೊದಲ ಹಂತದಲ್ಲೇ ಅದು ಜಾರಿಗೆ ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಲ್ಲಿ ಕೆಲಸ ನಡೆಯಬೇಕಾದ ಕ್ರಮ ಹೀಗಿದೆ. ಮೊದಲು ಗ್ರಾಮಸಭೆ ಕರೆದು ಡ್ರೋನ್ ಯಾವಾಗ, ಯಾಕೆ ಬರುತ್ತದೆ ಎಂದು ಹೇಳಬೇಕು. ಆಮೇಲೆ ಮನೆಯವರನ್ನು ಎದುರಿಗೆ ನಿಲ್ಲಿಸಿಕೊಂಡು ಅವರವರ ಜಾಗದ ಸುತ್ತ ಸುಣ್ಣದ ಗೆರೆ ಎಳೆಯಬೇಕು. ಡ್ರೋನ್ ಹಾರುವುದು ಇದಾದ ಮೇಲೆ. ಚಿತ್ರದಿಂದ ತಯಾರಾದ ನಕ್ಷೆಯನ್ನು ಮತ್ತೆ ಊರಿಗೆ ತಂದು, ಅಳತೆ ತಾಳೆ ನೋಡಿ, ತಕರಾರಿದ್ದರೆ ಕೇಳಬೇಕು. ಅಣ್ಣತಮ್ಮಂದಿರ ನಡುವಿನ ಗೋಡೆ ಯಾರದು, ಹಿತ್ತಲ ಕೊಟ್ಟಿಗೆ ಯಾರಿಗೆ ಸೇರಿದ್ದು ಎಂಬ ಜಗಳಗಳೆಲ್ಲ ಎದ್ದು, ಇತ್ಯರ್ಥವಾಗಿ, ಕೊನೆಗೆ ಆಸ್ತಿ ಪತ್ರ ಕೈಗೆ ಬರಬೇಕು. ಈ ಕ್ರಮ ಎಲ್ಲ ಊರಲ್ಲೂ ತಪ್ಪಿಲ್ಲದೆ ನಡೆದಿರಲಾರದು. ಆದರೆ ಕಾಗದದ ಮೇಲೆ ಆ ಕ್ರಮ ಇದೆ, ಅದನ್ನು ಹಿಡಿದು ಪ್ರಶ್ನೆ ಕೇಳಲು ಹಳ್ಳಿಯವನಿಗೆ ಜಾಗವಿದೆ.

ಅದೇ ಜಾತಿಯ ಯಂತ್ರ, ಅದೇ ಜನ. ಅಳತೆಗೆ ಬಂದಾಗ ಮೊದಲು ಹೇಳುತ್ತೀರಿ, ನಂತರ ತೋರಿಸುತ್ತೀರಿ, ತಪ್ಪಿದ್ದರೆ ತಿದ್ದುತ್ತೀರಿ. ಕಾವಲಿಗೆ ಬಂದಾಗ ಇವುಗಳಲ್ಲಿ ಒಂದೂ ಇಲ್ಲ. ಹಾರುವ ಮುನ್ನ ಸೂಚನೆ ಇಲ್ಲ. ಹಾರಿದ ಮೇಲೆ ವರದಿ ಇಲ್ಲ. ನನ್ನ ಮುಖ, ನನ್ನ ಮನೆಯ ತಾರಸಿ ನಿಮ್ಮ ಕಡತದಲ್ಲಿ ಎಷ್ಟು ದಿನ ಇರುತ್ತದೆ ಎಂದು ಹೇಳುವವರಿಲ್ಲ. ನಮ್ಮ ತಾರಸಿ ಎಂದರೆ ಬರೀ ಚಾವಣಿ ಅಲ್ಲ ಎಂಬುದು ನಿಮಗೂ ಗೊತ್ತು. ಹೆಂಗಸರು ಎರೆದುಕೊಂಡ ತಲೆ ಆರಿಸಿಕೊಳ್ಳುವುದು ಅಲ್ಲಿ, ಬಾಣಂತಿ ಎಳೆಬಿಸಿಲಿಗೆ ಕೂಸನ್ನು ಹಿಡಿಯುವುದು ಅಲ್ಲಿ, ಸೆಕೆಗೆ ಮನೆಮಂದಿ ಮಲಗುವುದು ಅಲ್ಲಿ. ಅದು ಬೀದಿಯವರ ಕಣ್ಣಿಗೆ ಬೀಳದ ಜಾಗವೆಂಬ ನಂಬಿಕೆಯ ಮೇಲೆಯೇ ನಮ್ಮ ಊರುಗಳ ಮನೆಗಳು ಕಟ್ಟಿಕೊಂಡಿವೆ.

2020ರ ಆ ಬೇಸಿಗೆಯನ್ನು ಮರೆಯಲು ನನಗೆ ಆಗಿಲ್ಲ. ಮಾರ್ಚ್ ತಿಂಗಳಲ್ಲಿ ರಾಜ್ಯ ಸರ್ಕಾರ ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸಗಳ ಪಟ್ಟಿಯನ್ನು ಬಹಿರಂಗಗೊಳಿಸಿತು. ಕೈಗೆ ಮುದ್ರೆ ಒತ್ತಿಸಿಕೊಂಡವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪಿನಲ್ಲಿ ಕಳಿಸಬೇಕು ಎಂದಿತು. ಅದೇ ದಿನಗಳಲ್ಲಿ ಪೊಲೀಸರು ಬೆಂಗಳೂರಿನ ಬಡಾವಣೆಗಳ ಮೇಲೆ ಡ್ರೋನ್ ಹಾರಿಸಿದರು. ಕೊರೊನಾ ಕೆಲಸಕ್ಕೆ ಡ್ರೋನ್ ಬಳಸುವ ಸರ್ಕಾರಿ ಸಂಸ್ಥೆಗಳಿಗೆ ಷರತ್ತಿನ ವಿನಾಯಿತಿ ಕೊಡಲು ಕೇಂದ್ರ ನಾಗರಿಕ ವಿಮಾನಯಾನ ಇಲಾಖೆ ‘ಗರುಡ’ ಎಂಬ ವ್ಯವಸ್ಥೆಯನ್ನು ತೆರೆದದ್ದು ಮೇ ತಿಂಗಳಲ್ಲಿ. ದಿನಾಂಕಗಳನ್ನು ಗಮನಿಸಿ, ಡ್ರೋನ್ ಮೊದಲು ಹಾರಿತು, ಅನುಮತಿಯ ವ್ಯವಸ್ಥೆ ಹಿಂದಿನಿಂದ ಬಂತು.

ಅದೇ ಮೇ ತಿಂಗಳ 18ರಂದು ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ, ಪ್ಯಾರಿಸ್ಸಿನಲ್ಲಿ ಲಾಕ್‌ಡೌನ್ ಕಾವಲಿಗೆ ಪೊಲೀಸರು ಡ್ರೋನ್ ಹಾರಿಸುವುದನ್ನು ಕೂಡಲೇ ನಿಲ್ಲಿಸಬೇಕೆಂದು ಆದೇಶಿಸಿತು. ಹಾರಿಸುವುದೇ ಪಾಪ ಎಂದು ಅದು ಹೇಳಲಿಲ್ಲ. ಜನರನ್ನು ಗುರುತಿಸಬಲ್ಲ ಕ್ಯಾಮೆರಾ ಹಾರಿಸಲು ಒಂದು ನಿಯಮದ ಆಧಾರ ಬೇಕು, ಅದು ನಿಮ್ಮ ಬಳಿ ಇಲ್ಲ, ಆದ್ದರಿಂದ ನಿಲ್ಲಿಸಿ ಎಂದಿತು. ಆ ಮೊಕದ್ದಮೆ ಹೂಡಿದ್ದು ಎರಡು ನಾಗರಿಕ ಸಂಘಟನೆಗಳು. ಅಲ್ಲಿಯೂ ರೋಗವಿತ್ತು, ಸಾವಿತ್ತು, ಭಯವಿತ್ತು. ಭಯದ ನಡುವೆಯೂ ಕೇಳುವವರಿದ್ದರು, ಕೇಳಿದ್ದಕ್ಕೆ ಉತ್ತರ ಕೊಡಬೇಕಾದ ಸರ್ಕಾರವಿತ್ತು.

ನಮ್ಮಲ್ಲಿ ಕೇಳಿದವರಿರಲಿಲ್ಲವೇ? ಇದ್ದರು. ಮನೆಯ ಬಾಗಿಲಿಗೆ ಬರುವ ಕಾವಲಿನ ಬಗ್ಗೆ ಈ ದೇಶದಲ್ಲಿ ಬಹಳ ಹಿಂದೆಯೇ ಒಬ್ಬ ಸಾಮಾನ್ಯ ಮನುಷ್ಯ ಕೋರ್ಟಿಗೆ ಹೋಗಿದ್ದ. ಉತ್ತರ ಪ್ರದೇಶದ ಖರಕ್ ಸಿಂಗ್. 1941ರಲ್ಲಿ ಡಕಾಯಿತಿ ಆರೋಪದ ಮೇಲೆ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಟ್ಟಿದ್ದರು. ಬಿಟ್ಟ ಮೇಲೂ ಅವನ ಹೆಸರಲ್ಲಿ ಪೊಲೀಸರು ಒಂದು ಹಾಳೆ ತೆರೆದರು. ನಡುರಾತ್ರಿ ಬಂದು ಬಾಗಿಲು ಬಡಿದು, ಮನೆಯಲ್ಲಿದ್ದಾನೋ ಇಲ್ಲವೋ ಎಂದು ಕೂಗಿ ನೋಡಿ ಹೋಗುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ಆ ರಾತ್ರಿ ಭೇಟಿಗಳನ್ನು ರದ್ದು ಮಾಡಿತು. ಆದರೆ ಖಾಸಗಿತನ ಎಂಬ ಹಕ್ಕು ಸಂವಿಧಾನದಲ್ಲಿ ಇಲ್ಲ ಎಂದೂ ಬಹುಮತದ ತೀರ್ಪಿನಲ್ಲಿ ಬರೆಯಿತು. ಆ ಮಾತು ಅಳಿಸಿಹೋಗಲು 55 ವರ್ಷ ಬೇಕಾಯಿತು.

ಅಳಿಸಿದ್ದು ನಮ್ಮವರೇ ಹೂಡಿದ ಮೊಕದ್ದಮೆ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಮೊಮ್ಮಕ್ಕಳ ಜೊತೆ ನೆಮ್ಮದಿಯಾಗಿ ಕೂರಬಹುದಾಗಿದ್ದ ವಯಸ್ಸು ಅದು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಪೀಠದಲ್ಲಿ ದಕ್ಷಿಣ ಕನ್ನಡದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. ಸರ್ಕಾರ ಈ ಹಕ್ಕಿಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ಬೇಕಾದಷ್ಟನ್ನು ಮೀರಬಾರದು ಎಂದಿತು ಆ ತೀರ್ಪು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪು ನಿಮ್ಮ ಪ್ರತಿ ಡ್ರೋನಿಗೂ ಅನ್ವಯಿಸುತ್ತದೆ. ಆದೇಶಕ್ಕೆ ಸಹಿ ಹಾಕುವಾಗ ಈ ಮೂರೂ ಪ್ರಶ್ನೆಗಳನ್ನು ನೀವು ಕೇಳಿಕೊಳ್ಳುತ್ತೀರಾ? ಕೇಳಿಕೊಂಡಿದ್ದರೆ ಆ ಉತ್ತರ ಯಾವ ಕಡತದಲ್ಲಿದೆ?

2021ರ ಡ್ರೋನ್ ನಿಯಮಗಳನ್ನು ಓದಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಡ್ರೋನಿನ ತೂಕ ಎಷ್ಟು, ಹಸಿರು ವಲಯದಲ್ಲಿ ಎಷ್ಟು ಅಡಿ ಎತ್ತರ ಹಾರಬಹುದು, ವಿಮಾನ ನಿಲ್ದಾಣದಿಂದ ಎಷ್ಟು ದೂರ ಇರಬೇಕು ಎಂಬುದೆಲ್ಲ ಅಲ್ಲಿದೆ. ಅದು ಆಕಾಶದ ಸಂಚಾರ ನಿಯಮ. ಕೆಳಗಿರುವ ಮನುಷ್ಯನ ಮಾತು ಅಲ್ಲಿ ಬರುವುದು ಕಡಿಮೆ. ಆದರೂ ಒಂದು ಅಂಶ ಮುಖ್ಯ. ಆ ನಿಯಮಗಳಿಂದ ಹೊರಗಿಟ್ಟಿರುವುದು ದೇಶದ ಭೂ, ನೌಕಾ, ವಾಯು ಪಡೆಗಳನ್ನು. ಪೊಲೀಸರ ಹೆಸರು ಆ ವಿನಾಯಿತಿಯಲ್ಲಿ ಇಲ್ಲ. ಮದುವೆಯ ವಿಡಿಯೊ ತೆಗೆಯುವ ಹುಡುಗನ ಡ್ರೋನಿಗೆ ಗುರುತಿನ ಸಂಖ್ಯೆ ಬೇಕೆಂದರೆ ಠಾಣೆಯ ಡ್ರೋನಿಗೂ ಬೇಕು. ಇನ್ನು 2023ರ ದತ್ತಾಂಶ ರಕ್ಷಣಾ ಕಾಯ್ದೆ ನಮ್ಮನ್ನು ಕಾಯುತ್ತದೆಂದು ನಂಬಿದ್ದವರಿಗೆ ಅದರ 17ನೇ ಸೆಕ್ಷನ್ ನಿರಾಸೆ ತರುತ್ತದೆ. ಅಪರಾಧ ತಡೆ, ತನಿಖೆಯ ಕೆಲಸಕ್ಕೆ ಕಾಯ್ದೆಯ ಬಹುಪಾಲು ಕಟ್ಟಳೆಗಳಿಂದ ಬಿಡುಗಡೆ. ಸಾರ್ವಜನಿಕ ಸುವ್ಯವಸ್ಥೆಯ ಹೆಸರಲ್ಲಿ ಯಾವುದೇ ಸರ್ಕಾರಿ ಸಂಸ್ಥೆಯನ್ನು ಪೂರ್ತಿಯಾಗಿ ಹೊರಗಿಡಲು ಕೇಂದ್ರಕ್ಕೆ ಅಧಿಕಾರ. ಅದೇ ಕಾಯ್ದೆಯ 44ನೇ ಸೆಕ್ಷನ್ ಮಾಹಿತಿ ಹಕ್ಕು ಕಾಯ್ದೆಯನ್ನೂ ತಿದ್ದಿ, ‘ವೈಯಕ್ತಿಕ ಮಾಹಿತಿ’ ಎಂಬ ಕಾರಣಕ್ಕೆ ಉತ್ತರ ನಿರಾಕರಿಸುವುದನ್ನು ಸುಲಭ ಮಾಡಿದೆ. ನಾಗರಿಕನನ್ನು ನೋಡುವ ದಾರಿ ಅಗಲವಾಯಿತು, ಅಧಿಕಾರಿಯನ್ನು ಕೇಳುವ ದಾರಿ ಕಿರಿದಾಯಿತು. ಇದನ್ನು ನಾನು ಅನ್ಯಾಯ ಎನ್ನುತ್ತೇನೆ.

ಈಗ ಠಾಣೆಯೊಳಗಿನ ಕ್ಯಾಮೆರಾದ ಮಾತಿಗೆ ಬರುತ್ತೇನೆ. ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದೇ ಅದು.

2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಸ್ಪಷ್ಟ ಆದೇಶ ಕೊಟ್ಟಿತು. ದೇಶದ ಪ್ರತಿ ಪೊಲೀಸ್ ಠಾಣೆಯಲ್ಲೂ ಸಿಸಿಟಿವಿ ಇರಬೇಕು. ಮುಖ್ಯದ್ವಾರ, ಲಾಕಪ್, ಮೊಗಸಾಲೆ, ಇನ್‌ಸ್ಪೆಕ್ಟರ್ ಕೊಠಡಿ, ಯಾವ ಭಾಗವೂ ಕ್ಯಾಮೆರಾದ ಕಣ್ಣಿನಿಂದ ಹೊರಗುಳಿಯಬಾರದು. ಕತ್ತಲಲ್ಲೂ ಕಾಣಬೇಕು, ಧ್ವನಿಯೂ ಕೇಳಬೇಕು. ದೃಶ್ಯಾವಳಿಯನ್ನು 18 ತಿಂಗಳು ಕಾಪಾಡಬೇಕು, ಅದು ಸಾಧ್ಯವಾಗದಿದ್ದಲ್ಲಿ ಕಡಿಮೆಯೆಂದರೂ ಒಂದು ವರ್ಷ. ಠಾಣೆಯಲ್ಲಿ ಏಟು ತಿಂದವನು ಆ ದೃಶ್ಯಾವಳಿಯನ್ನು ಕಾಪಾಡಿಡುವಂತೆ ಕೇಳಬಹುದು. ಮೇಲುಸ್ತುವಾರಿಗೆ ರಾಜ್ಯಕ್ಕೊಂದು, ಜಿಲ್ಲೆಗೊಂದು ಸಮಿತಿ. ಇಷ್ಟು ವಿವರವಾಗಿ ಬರೆದ ಆದೇಶದಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ. ಆದರೂ ಸುಮಾರು ಐದು ವರ್ಷದ ನಂತರ, 2025ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದಲ್ಲಿ ಕೆಲವೇ ತಿಂಗಳಲ್ಲಿ 11 ಮಂದಿ ಪೊಲೀಸ್ ವಶದಲ್ಲಿ ಸತ್ತ ಪತ್ರಿಕಾ ವರದಿಯನ್ನು ಓದಿ, ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮೆರಾ ಇಲ್ಲದಿರುವ ವಿಷಯವನ್ನು ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು.

ಅಧಿಕಾರಿಗಳೇ, ನಾನೂರು ಅಡಿ ಎತ್ತರದಲ್ಲಿ ಗಾಳಿಗೆ ಅಲುಗಾಡುತ್ತಾ ನಮ್ಮ ಮುಖ ಹಿಡಿಯುವ ಕ್ಯಾಮೆರಾ ಕೆಡುವುದಿಲ್ಲ. ಹತ್ತು ಅಡಿ ಎತ್ತರದ ಲಾಕಪ್ ಗೋಡೆಗೆ ಮೊಳೆ ಹೊಡೆದು ಕೂರಿಸಿದ ಕ್ಯಾಮೆರಾ ಬೇಕಾದ ರಾತ್ರಿಯೇ ಕೆಟ್ಟಿರುತ್ತದೆ. ಇದನ್ನು ತಾಂತ್ರಿಕ ದೋಷ ಎಂದು ಒಪ್ಪಿಕೊಳ್ಳಲು ನಾನು ಸಿದ್ಧನಿಲ್ಲ. ಬೆಂಗಳೂರಿಗೆ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆ ಬಂದಿದೆ. ಸಾವಿರಾರು ಕ್ಯಾಮೆರಾ, ಕಮಾಂಡ್ ಸೆಂಟರ್, ಎಲ್ಲಕ್ಕೂ ಹಣ ಸಿಕ್ಕಿದೆ. ನೋಡುವ ಶಕ್ತಿಗೆ ಕೊರತೆ ಇಲ್ಲ. ಇದೇ ಊರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು ಹಾಡಹಗಲಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅಷ್ಟು ಕಣ್ಣುಗಳಿದ್ದ ನಗರದಲ್ಲಿ ಅವರು ಉಳಿಯಲಿಲ್ಲ. ನೋಡಿದ್ದಕ್ಕೆ ಹೊಣೆ ಹೊರುವವರಿಲ್ಲದಿದ್ದರೆ ಎಷ್ಟು ಕ್ಯಾಮೆರಾ ಇಟ್ಟರೂ ಅದು ಜನರ ರಕ್ಷಣೆ ಆಗುವುದಿಲ್ಲ.

ನೋಡುವ ಡ್ರೋನ್ ನೋಡುವುದರಲ್ಲೇ ನಿಲ್ಲುತ್ತದೆಂಬ ಭರವಸೆಯೂ ಹೋಯಿತು. 2024ರ ಫೆಬ್ರುವರಿಯಲ್ಲಿ ಬೆಂಬಲ ಬೆಲೆ ಕೇಳಿ ದೆಹಲಿಗೆ ಹೊರಟ ರೈತರ ಮೇಲೆ ಶಂಭು ಗಡಿಯಲ್ಲಿ ಹರಿಯಾಣ ಪೊಲೀಸರು ಡ್ರೋನಿನಿಂದ ಅಶ್ರುವಾಯು ಸುರಿದರು. ನಮ್ಮ ಗಡಿಯೊಳಗೆ ನಿಮ್ಮ ಡ್ರೋನ್ ಕಳಿಸಬೇಡಿ ಎಂದು ಪಂಜಾಬಿನ ಜಿಲ್ಲಾಡಳಿತ ಹರಿಯಾಣಕ್ಕೆ ಪತ್ರ ಬರೆಯಿತು. ರೈತರು ಗಾಳಿಪಟ ಹಾರಿಸಿ ಅದರ ದಾರದಿಂದ ಡ್ರೋನ್ ಕೆಡವಲು ನೋಡಿದರು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನ ಹೆಚ್ಚಿಸಿ ಎಂದು ಕೂರುವ ಅಂಗನವಾಡಿ ಕಾರ್ಯಕರ್ತೆಯ ತಲೆಯ ಮೇಲೆ ನಾಳೆ ಒಂದು ಡ್ರೋನ್ ನಿಂತರೆ, ಅದು ಬಂದೋಬಸ್ತಿಗೆ ಬಂದಿದೆಯೋ ತನ್ನ ಮುಖ ದಾಖಲಿಸಲು ಬಂದಿದೆಯೋ ಎಂದು ಅವಳಿಗೆ ತಿಳಿಯುವುದು ಹೇಗೆ? ತಿಳಿಯದಿದ್ದರೆ ಮುಂದಿನ ಧರಣಿಗೆ ಅವಳು ಬರುವುದಿಲ್ಲ. ಫ್ರೀಡಂ ಪಾರ್ಕ್ ಒಂದು ಕಾಲದ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಕೂಡಿಟ್ಟಿದ್ದು ಅಲ್ಲೇ. ಅಲ್ಲಿ ಕೂತು ಮಾತಾಡುವವರು ಹೆದರಬೇಕಾದ ದಿನ ಮತ್ತೆ ಬರಬಾರದು.

ಮೇಲಿನಿಂದ ನೋಡುವ ಕಣ್ಣು ಬಲಾಢ್ಯರ ಕಡೆಗೂ ತಿರುಗಬಲ್ಲದು. ಬಳ್ಳಾರಿಯ ಗಣಿಗಳೇ ಅದಕ್ಕೆ ಸಾಕ್ಷಿ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲೇ ಸುಪ್ರೀಂ ಕೋರ್ಟಿನ ಕದ ತಟ್ಟಿತ್ತು. ಕೋರ್ಟ್ ನೇಮಿಸಿದ ಜಂಟಿ ತಂಡ ಗಣಿಗಳ ಗಡಿಯನ್ನು ಉಪಗ್ರಹ ಚಿತ್ರಗಳ ನೆರವಿನಿಂದಲೂ ನೆಲದ ಮೇಲೆ ಹೊಸದಾಗಿ ಅಳೆದೂ ತಾಳೆ ನೋಡಿತು. ಯಾರು ಎಷ್ಟು ಒತ್ತುವರಿ ಮಾಡಿದ್ದಾರೆಂಬುದರ ಮೇಲೆ ಗಣಿಗಳನ್ನು ಮೂರು ವರ್ಗ ಮಾಡಲಾಯಿತು. ಅತಿ ಹೆಚ್ಚು ಅಕ್ರಮ ಎಸಗಿದ ‘ಸಿ’ ವರ್ಗದ ಗುತ್ತಿಗೆಗಳು 2013ರ ತೀರ್ಪಿನಲ್ಲಿ ರದ್ದಾದವು. ಅಲ್ಲಿ ಮೇಲಿನ ಕಣ್ಣಿಗೆ ಸಿಕ್ಕವರು ಸಚಿವರ ಹತ್ತಿರದವರು, ಕೋಟಿಗಳಲ್ಲಿ ವ್ಯವಹರಿಸುವವರು. ಆ ಕಣ್ಣನ್ನು ಅತ್ತ ತಿರುಗಿಸಿದ್ದು ಸರ್ಕಾರವಲ್ಲ, ಪಟ್ಟುಬಿಡದೆ ಓಡಾಡಿದ ನಾಗರಿಕರು. ಮರಳು ದಂಧೆಯ ನದಿಪಾತ್ರ, ಕಲ್ಲು ಕ್ವಾರಿ, ರಾಜಕಾಲುವೆಯ ಮೇಲೆ ಎದ್ದ ಕಟ್ಟಡ, ಕೆರೆಯಂಗಳದ ಬಡಾವಣೆ, ಇವೆಲ್ಲದರ ಮೇಲೆ ನಿಮ್ಮ ಡ್ರೋನ್ ದಿನವೂ ಹಾರಲಿ. ಚಿತ್ರಗಳನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ. ನಾವೇ ನಿಂತು ನೋಡುತ್ತೇವೆ.

ಇಲ್ಲಿಂದ ಮುಂದಿನ ಮಾತು ನನ್ನಂಥ ನಾಗರಿಕರಿಗೆ.

‘ತಪ್ಪು ಮಾಡದವನಿಗೆ ಕ್ಯಾಮೆರಾ ಕಂಡರೆ ಭಯ ಯಾಕೆ’ ಎಂದು ನಮ್ಮಲ್ಲಿ ಬಹಳ ಜನ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದನ್ನು ಮೊದಲು ಠಾಣೆಗೆ, ಕಚೇರಿಗೆ ಕೇಳೋಣ. ಸಾರ್ವಜನಿಕರ ಸಂಬಳದಲ್ಲಿ ಸಾರ್ವಜನಿಕರ ಕೆಲಸ ಮಾಡುವವರಿಗೆ ಮುಚ್ಚಿಡುವ ಖಾಸಗಿ ವಿಷಯ ಆ ಕುರ್ಚಿಯಲ್ಲಿ ಇಲ್ಲ. ನಮಗೆ ಮನೆಯುಂಟು, ಮಕ್ಕಳುಂಟು, ಕಾಯಿಲೆಯುಂಟು, ಪ್ರಾರ್ಥನೆಯುಂಟು, ಯಾರಿಗೂ ಹೇಳದ ಸಂಕಟವುಂಟು. ಇವನ್ನು ಕಾಪಾಡಿಕೊಳ್ಳುವುದು ಕಳ್ಳತನವಲ್ಲ. ಜೊತೆಗೆ, ಮೌನವಾಗಿ ಒಪ್ಪಿಕೊಂಡ ನಮ್ಮ ಪಾಲೂ ಇದರಲ್ಲಿದೆ. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ ಬೆಂಗಳೂರು ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೆ ನಡೆಯಿತು. ವಾರ್ಡಿನಲ್ಲಿ ಹೋಗಿ ಕೇಳಲು ಒಬ್ಬ ಚುನಾಯಿತ ಮನುಷ್ಯ ಇಲ್ಲದಿದ್ದುದನ್ನು ಕೋಟಿಗೂ ಮಿಕ್ಕ ಜನರ ಈ ನಗರ ಸಹಿಸಿಕೊಂಡಿತು. ಕೇಳುವ ಅಭ್ಯಾಸ ತಪ್ಪಿದ ಊರಿನ ಮೇಲೆ ಯಾರು ಏನನ್ನು ಬೇಕಾದರೂ ಹಾರಿಸಬಹುದು.

ಕೇಳಿದರೆ ಏನಾಗುತ್ತದೆಂದು ನೋಡಿ. ಅಮೆರಿಕದ ಕ್ಯಾಲಿಫೋರ್ನಿಯಾದ ಚೂಲಾ ವಿಸ್ಟಾ ಎಂಬ ಊರಿನ ಪೊಲೀಸರು ತಮ್ಮ ಡ್ರೋನ್ ಯಾವಾಗ, ಯಾವ ದಾರಿಯಲ್ಲಿ, ಯಾವ ಕರೆಗೆ ಹಾರಿತು ಎಂಬುದನ್ನು ನಕ್ಷೆ ಸಮೇತ ಪ್ರಕಟಿಸುತ್ತಾರೆ. ಅಷ್ಟಕ್ಕೇ ಸುಮ್ಮನಾಗದೆ ಅಲ್ಲಿನ ಪತ್ರಿಕೆಯೊಂದರ ಪ್ರಕಾಶಕ ಆರ್ಟುರೊ ಕಾಸ್ಟನ್ಯಾರಿಸ್ ಒಂದು ತಿಂಗಳ ದೃಶ್ಯಾವಳಿಯನ್ನೇ ಕೇಳಿದರು. ಎಲ್ಲವೂ ತನಿಖೆಯ ದಾಖಲೆ, ಕೊಡಲಾಗದು ಎಂದಿತು ನಗರಾಡಳಿತ. 2023ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ, ಡ್ರೋನ್ ತೆಗೆದದ್ದೆಲ್ಲವೂ ತಾನಾಗಿಯೇ ಗುಟ್ಟಾಗುವುದಿಲ್ಲ, ರಸ್ತೆಯಲ್ಲಿ ಕೆಟ್ಟು ನಿಂತ ವಾಹನವನ್ನು ನೋಡಲು ಹೋದ ಹಾರಾಟ ತನಿಖೆ ಹೇಗಾಗುತ್ತದೆ ಎಂಬ ಅರ್ಥದಲ್ಲಿ ತೀರ್ಪು ಕೊಟ್ಟಿತು. ಒಬ್ಬ ಮನುಷ್ಯ ಕೇಳಿದ್ದರಿಂದ ಅಷ್ಟಾಯಿತು.

ನಾವೂ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆ ಸೊರಗಿದ್ದರೂ ಸತ್ತಿಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಆದ್ದರಿಂದ ಚುಟುಕಾಗಿ ಬರೆಯಿರಿ. ನಿಮ್ಮ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿ ಅಥವಾ ನಗರ ಪೊಲೀಸ್ ಆಯುಕ್ತರ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ಇಲಾಖೆಯಲ್ಲಿ ಎಷ್ಟು ಡ್ರೋನ್ ಇವೆ, ಅವುಗಳ ಗುರುತಿನ ಸಂಖ್ಯೆ ಏನು, ಕೊಳ್ಳಲು ಎಷ್ಟು ಖರ್ಚಾಯಿತು, ಕಳೆದ ವರ್ಷ ಯಾವ ದಿನಾಂಕಗಳಂದು ಯಾವ ಸ್ಥಳದಲ್ಲಿ ಹಾರಿಸಿದರು, ಆದೇಶ ಕೊಟ್ಟ ಅಧಿಕಾರಿಯ ಹುದ್ದೆ ಯಾವುದು, ದೃಶ್ಯಾವಳಿ ಎಷ್ಟು ದಿನ ಇಡುತ್ತಾರೆ, ಅಳಿಸುವ ನಿಯಮದ ಪ್ರತಿ ಕೊಡಿ ಎಂದು ಕೇಳಿ. ಅಧಿಕಾರಿಯ ಹೆಸರು ಕೇಳಬೇಡಿ, ಹುದ್ದೆ ಕೇಳಿ. ಹುದ್ದೆ ವೈಯಕ್ತಿಕ ಮಾಹಿತಿ ಆಗುವುದಿಲ್ಲ. ಇನ್ನೊಂದು ಅರ್ಜಿಯಲ್ಲಿ ನಿಮ್ಮ ಠಾಣೆಯ ಸಿಸಿಟಿವಿಗಳ ಬಗ್ಗೆ ಕೇಳಿ. ಎಷ್ಟಿವೆ, ಎಷ್ಟು ಕೆಲಸ ಮಾಡುತ್ತಿವೆ, ಜಿಲ್ಲಾ ಮೇಲುಸ್ತುವಾರಿ ಸಮಿತಿ ಕೊನೆಯ ಬಾರಿ ಯಾವಾಗ ಸೇರಿತ್ತು, ನಡಾವಳಿಯ ಪ್ರತಿ ಕೊಡಿ. ತನಿಖೆಗೆ ಅಡ್ಡಿಯಾಗುತ್ತದೆ ಎಂಬ ಉತ್ತರ ಬಂದರೆ, ಹೇಗೆ ಅಡ್ಡಿಯಾಗುತ್ತದೆ ಎಂದು ಮೊದಲ ಮೇಲ್ಮನವಿಯಲ್ಲಿ ಕೇಳಿ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಿ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಹಳ್ಳಿಯಲ್ಲಿರುವವರು ಇದೇ ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ಅಧಿಕಾರಿಗಳೇ, ಈ ಅರ್ಜಿಗಳು ನಿಮ್ಮ ಮೇಜಿಗೆ ಬಂದಾಗ ಅವನ್ನು ಕಿರುಕುಳ ಎಂದುಕೊಳ್ಳಬೇಡಿ. ಕೇಳುವ ಮೊದಲೇ ಪ್ರಕಟಿಸುವ ಕರ್ತವ್ಯವನ್ನು ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ನಿಮಗೆ ಹೊರಿಸಿದೆ. ಹಾರಾಟದ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸಿದರೆ ನಮ್ಮ ಅರ್ಜಿಯ ಅಗತ್ಯವೇ ಬೀಳುವುದಿಲ್ಲ.

ನಾಗರಿಕರೇ, ಅವರು ಪ್ರಕಟಿಸುವವರೆಗೆ ನಾವು ಕೇಳುತ್ತಲೇ ಇರಬೇಕು. ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ ಕಾನೂನು ಕೊಟ್ಟಿರುವ ಗಡುವು 30 ದಿನ. ಈ ವಾರವೇ ಬರೆಯಿರಿ.

ಇಂತಿ,
ಬೆಂಗಳೂರಿನ ಒಬ್ಬ ನಾಗರಿಕ